ಸುವಾರ್ತೆ ಗಾಯನ ಗುಂಪುಗಳಲ್ಲಿ ಸೇವೆ, ದುಡ್ಡು, ಸಭೆಯ ಮೇಲ್ವಿಚಾರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸುವಾರ್ತೆ ಹಾಡುವ ಗುಂಪುಗಳಲ್ಲಿ ಒಡಕು ಬರುವುದು ಹೆಚ್ಚಾಗಿ ಹಾಡಿನ ವಿಷಯಕ್ಕಲ್ಲ. ದುಡ್ಡು ಯಾರ ಹತ್ತಿರ ಇದೆ, ಯಾರ ಮಾತು ನಡೆಯಬೇಕು, ಪಾಸ್ಟರ್‌ಗೆ ಹೇಳದೆ ಕಾರ್ಯಕ್ರಮ ಒಪ್ಪಿಕೊಂಡಿದ್ದು ಯಾಕೆ, ಇಂಥ ಮಾತಿಗೇ ಒಡೆಯುತ್ತವೆ. ಲೀಡರ್‌ಗಳು, ಹಾಡುವವರು, ನುಡಿಸುವವರು, ಸಭೆಯ (ಚರ್ಚಿನ) ಹಿರಿಯರು ಮತ್ತೆ ಮತ್ತೆ ಕೇಳುವುದನ್ನೆಲ್ಲ ಇಲ್ಲಿ ಒಂದು ಕಡೆ ಹಾಕಿದ್ದೇನೆ. ಉತ್ತರಗಳು ಬೇರೆ ಬೇರೆ ಇದ್ದರೂ ನಾನು ಹೇಳುವುದು ಒಂದೇ: ಸೇವೆಯ ಪ್ರಶ್ನೆಗೆ ಸೇವೆಯ ಉತ್ತರ ಕೊಡಿ, ಲೆಕ್ಕದ ಪ್ರಶ್ನೆಗೆ ಲೆಕ್ಕವನ್ನೇ ತೋರಿಸಿ. ಲೆಕ್ಕ ಕೇಳಿದವರಿಗೆ "ಪ್ರಾರ್ಥನೆ ಮಾಡಿ" ಅಂದರೆ ಅದು ಉತ್ತರ ಆಗುವುದಿಲ್ಲ.

ನಮ್ಮದು ಸೇವೆಯಾ, ಬಿಸಿನೆಸ್ಸಾ? ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕಲ್ವಾ?

ಬೇಕಿಲ್ಲ. ಗುಂಪು ಇರುವುದು ಸೇವೆಗಾಗಿ. ಆದರೆ ಸೌಂಡ್ ಸಿಸ್ಟಮ್‌ಗೆ ಬಾಡಿಗೆ ಕೊಟ್ಟ ದಿನ, ಸ್ಟುಡಿಯೋಗೆ ಅಡ್ವಾನ್ಸ್ ಕೊಟ್ಟ ದಿನ, ಒಂದು ಹಾಡನ್ನು ಮಾರಾಟಕ್ಕೆ ಬಿಟ್ಟ ದಿನವೇ ವ್ಯವಹಾರ ಶುರುವಾಗಿದೆ. ನೀವು ಅದನ್ನು ಬಿಸಿನೆಸ್ ಅಂತ ಕರೆಯದಿದ್ದರೂ ಅದು ನಡೆಯುತ್ತಲೇ ಇರುತ್ತದೆ. ಹೆಸರಿಲ್ಲದೆ ನಡೆಯುವ ವ್ಯವಹಾರಕ್ಕೆ ಪುಸ್ತಕ ಇರುವುದಿಲ್ಲ, ಜವಾಬ್ದಾರರೂ ಇರುವುದಿಲ್ಲ, ಅಪಾಯ ಇರುವುದು ಅಲ್ಲೇ. "ನಮ್ಮದು ಪೂರ್ತಿ ಸೇವೆ, ಇಲ್ಲಿ ವ್ಯವಹಾರ ಏನೂ ಇಲ್ಲ" ಅನ್ನುವ ಗುಂಪಿನ ಬಗ್ಗೆ ನನಗೆ ಜಾಸ್ತಿ ಚಿಂತೆಯಾಗುತ್ತದೆ.

ದೇವರ ಹಾಡು ಹಾಡಿ ದುಡ್ಡು ತಗೊಳ್ಳೋದು ತಪ್ಪಲ್ವಾ? ಉಚಿತವಾಗಿ ಹೊಂದಿದ್ದೀರಿ, ಉಚಿತವಾಗಿ ಕೊಡಿ ಅಂತ ಇದೆಯಲ್ಲ?

ಇದೆ, ಮತ್ತಾಯ 10:8ರಲ್ಲಿ. ಎರಡೇ ವಚನ ಮುಂದೆ ಹೋಗಿ 10:10 ಓದಿ, ಕೆಲಸಗಾರನು ತನ್ನ ಆಹಾರಕ್ಕೆ ಯೋಗ್ಯನು ಅನ್ನುವುದೂ ಅಲ್ಲೇ ಇದೆ. ಎರಡನ್ನೂ ಒಟ್ಟಿಗೇ ಹಿಡಿದುಕೊಳ್ಳಬೇಕು. ಸುವಾರ್ತೆಯನ್ನು ಮಾರುವಂತಿಲ್ಲ, ಅದನ್ನು ಹೊತ್ತು ತರುವವರನ್ನು ಹಸಿವಿನಲ್ಲೂ ಇಡುವಂತಿಲ್ಲ.

ಹಾಡುವವರ ವಿಷಯಕ್ಕೇ ನೇರವಾಗಿ ಬರುವ ಒಂದು ಭಾಗ ನೆಹೆಮೀಯ 13:10-11ರಲ್ಲಿದೆ. ದೇವಾಲಯದಲ್ಲಿ ಸೇವೆ ಮಾಡುತ್ತಿದ್ದ ಲೇವಿಯರಿಗೂ ಗಾಯಕರಿಗೂ ಸಲ್ಲಬೇಕಾದ ಪಾಲು ಸಿಕ್ಕಿರಲಿಲ್ಲ, ಹಾಗಾಗಿ ಅವರು ತಮ್ಮ ತಮ್ಮ ಹೊಲಗಳಿಗೆ ಹೊರಟು ಹೋಗಿದ್ದರು. ನೆಹೆಮೀಯನು ಬೈದದ್ದು ಯಾರಿಗೆ ನೋಡಿ. ಹೊಲಕ್ಕೆ ಹೋದ ಗಾಯಕರಿಗಲ್ಲ, ಪಾಲು ಕೊಡದ ಅಧಿಕಾರಿಗಳಿಗೆ. "ನಮ್ಮ ಹುಡುಗರಿಗೆ ಸೇವೆಯ ಭಾರವೇ ಇಲ್ಲ, ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದಾರೆ" ಅನ್ನುವ ಹಿರಿಯರು ಈ ಎರಡು ವಚನಗಳನ್ನು ನಿಧಾನವಾಗಿ ಓದಬೇಕು.

ಇನ್ನೊಂದು ಕಡೆ ಅಪೊಸ್ತಲ ಪೌಲನಿದ್ದಾನೆ. 1 ಕೊರಿಂಥ 9ರಲ್ಲಿ ಸುವಾರ್ತೆ ಸಾರುವವರು ಅದರಿಂದಲೇ ಬದುಕಬೇಕು ಅನ್ನುತ್ತಾನೆ, ಕೂಡಲೇ ಆ ಹಕ್ಕನ್ನು ನಾನು ಬಳಸಿಕೊಂಡಿಲ್ಲ ಅನ್ನುತ್ತಾನೆ. ಹಕ್ಕು ಬಿಟ್ಟುಕೊಟ್ಟಿದ್ದು ಅವನೇ, ಬೇರೆಯವರು ಬಿಡಿಸಿದ್ದಲ್ಲ. ಗುಂಪಿನಲ್ಲೂ ಹಾಗೇ. ಒಬ್ಬರು ತಮ್ಮ ಪಾಲು ಬೇಡ ಅಂದರೆ ಸಂತೋಷ. ಆದರೆ ಒಳ್ಳೆಯ ಕೆಲಸದಲ್ಲಿರುವ ಲೀಡರ್ "ನಾವೆಲ್ಲ ಉಚಿತವಾಗಿ ಸೇವೆ ಮಾಡುತ್ತೇವೆ" ಅಂತ ಸ್ಟೇಜ್ ಮೇಲೆ ಘೋಷಿಸಿ, ದಿನಗೂಲಿ ಬಿಟ್ಟು ಬಂದ ಡ್ರಮ್ಮರ್‌ನ ಪಾಲನ್ನೂ ಅವನ ಪರವಾಗಿ ತ್ಯಾಗ ಮಾಡಿಬಿಡುವುದು ಅನ್ಯಾಯ.

ಕರೆದವರಿಗೆ ರೇಟ್ ಹೇಳಬಹುದಾ? ಅಥವಾ "ಪ್ರೀತಿಯಿಂದ ಕೊಟ್ಟಷ್ಟು" ಅನ್ನಬೇಕಾ?

ಎರಡೂ ನಡೆಯುತ್ತದೆ, ಆದರೆ ಮೊದಲೇ ಬಾಯಿಬಿಟ್ಟು ಹೇಳಿ. "ಕೊಟ್ಟಷ್ಟು ಸಾಕು" ಅಂತ ಹೋಗಿ ಕವರ್ ಬಿಚ್ಚಿ ಮುಖ ಚಿಕ್ಕದು ಮಾಡಿಕೊಳ್ಳುವುದು ಸರಿಯಲ್ಲ. ನನ್ನ ಸಲಹೆ ಇಷ್ಟು: ಖರ್ಚನ್ನು ಮತ್ತು ಕಾಣಿಕೆಯನ್ನು ಬೇರೆ ಮಾಡಿ. ಪ್ರಯಾಣ, ವಸತಿ, ಊಟ, ಸೌಂಡ್, ಸಂಬಳಕ್ಕೆ ಬರುವ ನುಡಿಸುವವರಿದ್ದರೆ ಅವರದು, ಇವುಗಳ ಮೊತ್ತವನ್ನು ಬರೆದು ಕಳುಹಿಸಿ, ಇದು ಬೇಕೇ ಬೇಕು ಅನ್ನಿ. ಅದರ ಮೇಲೆ ಕಾಣಿಕೆ ಎಷ್ಟು ಅನ್ನುವುದು ಅವರ ಮನಸ್ಸಿಗೆ ಬಿಟ್ಟಿದ್ದು. ಸಣ್ಣ ಸಭೆಗೆ ಆ ಖರ್ಚೂ ಆಗುವುದಿಲ್ಲ ಅಂದರೆ ಎಲ್ಲಾ ಸದಸ್ಯರೂ ಒಪ್ಪಿ ಹೋಗಿ, ಅಥವಾ ಇಬ್ಬರೇ ಒಂದು ಗಿಟಾರ್ ಹಿಡಿದುಕೊಂಡು ಹೋಗಿ. ಹಾಗೆ ಹೋಗುವ ಕಾರ್ಯಕ್ರಮಗಳು ವರ್ಷದಲ್ಲಿ ಎಷ್ಟು ಅಂತ ಮೊದಲೇ ಗೊತ್ತುಮಾಡಿ, ಅದಕ್ಕೆ ನಿಧಿಯಲ್ಲಿ ಒಂದು ಪಾಲು ತೆಗೆದಿಟ್ಟರೆ ಮನಸ್ಸಿಗೂ ಭಾರವಾಗುವುದಿಲ್ಲ.

ಕೂಟದಲ್ಲೇ ಕಾಣಿಕೆ ಎತ್ತುವುದಾದರೆ ಒಂದು ಎಚ್ಚರಿಕೆ. ಹಾಡಿನಿಂದ ಜನರ ಮನಸ್ಸು ಕರಗಿದ ಹೊತ್ತನ್ನು ದುಡ್ಡಿಗೆ ಬಳಸಬೇಡಿ. 1948ರಲ್ಲಿ ಅಮೆರಿಕದ ಮೊಡೆಸ್ಟೋ ಊರಿನಲ್ಲಿ ಸುವಾರ್ತಿಕ ಬಿಲ್ಲಿ ಗ್ರಹಾಂ ಮತ್ತು ಅವರ ತಂಡದವರು ಕೂತು, ಸಂಚಾರಿ ಸುವಾರ್ತಿಕರು ಎಲ್ಲಿ ಎಡವುತ್ತಾರೆ ಅಂತ ಯೋಚಿಸಿ ಕೆಲವು ತೀರ್ಮಾನ ಮಾಡಿದರು. ದುಡ್ಡಿನಲ್ಲಿ ಶುದ್ಧವಾಗಿರುವುದು, ವಿರುದ್ಧ ಲಿಂಗದವರ ಜೊತೆ ಒಬ್ಬಂಟಿಯಾಗಿ ಇರದಿರುವುದು, ಸ್ಥಳೀಯ ಸಭೆಗಳ ಜೊತೆ ಸೇರಿ ಕೆಲಸ ಮಾಡುವುದು, ಜನಸಂಖ್ಯೆಯನ್ನು ಉಬ್ಬಿಸಿ ಹೇಳದಿರುವುದು. ಆ ತಂಡದಲ್ಲಿದ್ದ ಕ್ಲಿಫ್ ಬ್ಯಾರೋಸ್ ಮತ್ತು ಜಾರ್ಜ್ ಬೆವರ್ಲಿ ಶೇ ಇಬ್ಬರೂ ಸಂಗೀತದವರು. ಇಷ್ಟಾದರೂ 1950ರಲ್ಲಿ ಅಟ್ಲಾಂಟಾದ ಪತ್ರಿಕೆಯೊಂದು ನಗುತ್ತಿರುವ ಗ್ರಹಾಂ ಚಿತ್ರದ ಜೊತೆಗೇ ಕಾಣಿಕೆಯ ಚೀಲಗಳ ಚಿತ್ರ ಹಾಕಿತು. ಆ ಪೆಟ್ಟಿನ ನಂತರ ಅವರು ಕಾಣಿಕೆಯ ಮೇಲೆ ಬದುಕುವುದನ್ನು ಬಿಟ್ಟು, ಸಂಸ್ಥೆಯಿಂದ ನಿಗದಿಯಾದ ಸಂಬಳ ತೆಗೆದುಕೊಳ್ಳುವ ಪದ್ಧತಿಗೆ ಬಂದರು. ನಿಮ್ಮ ಗುಂಪು ಸಣ್ಣದಿರಬಹುದು, ತೀರ್ಮಾನಗಳು ಮಾತ್ರ ಇವತ್ತಿಗೂ ಹಾಗೇ ಹೊಂದುತ್ತವೆ.

ಬಂದ ದುಡ್ಡನ್ನು ಹೇಗೆ ಹಂಚಬೇಕು?

ಇದಕ್ಕೆ ಒಂದೇ ಸೂತ್ರ ಇಲ್ಲ. ಆದರೆ ಕ್ರಮ ಇದೆ. ಮೊದಲು ಖರ್ಚು ತೀರಿಸಿ, ಬಿಲ್ ಇಟ್ಟುಕೊಂಡು. ಆಮೇಲೆ ಗುಂಪಿನ ನಿಧಿಗೆ ಒಂದು ಭಾಗ, ವಾದ್ಯ ಕೆಟ್ಟರೆ ರಿಪೇರಿಗೆ, ಮುಂದಿನ ರೆಕಾರ್ಡಿಂಗ್‌ಗೆ. ಉಳಿದದ್ದು ಸದಸ್ಯರಿಗೆ. ಸಮಪಾಲು ಮಾಡುತ್ತೀರೋ, ಕೆಲಸ ನೋಡಿ ಹೆಚ್ಚು ಕಡಿಮೆ ಮಾಡುತ್ತೀರೋ, ಅದು ನಿಮಗೆ ಬಿಟ್ಟಿದ್ದು. ಸಮಪಾಲು ಸುಲಭ, ಜಗಳ ಕಡಿಮೆ. ಆದರೆ ಬರೀ ವೇದಿಕೆಗೆ ಬಂದು ಹೋಗುವವರಿಗೂ, ರಾತ್ರಿಯೆಲ್ಲ ಕೂತು ಅರೇಂಜ್‌ಮೆಂಟ್ ಮಾಡಿ ಎಲ್ಲರಿಗೂ ಕಲಿಸುವವರಿಗೂ ಒಂದೇ ಪಾಲು ಅಂದರೆ ಕೆಲವು ವರ್ಷ ಕಳೆದ ಮೇಲೆ ಒಳಗೊಳಗೇ ಕಹಿ ಸೇರುತ್ತದೆ. ಏನೇ ಮಾಡಿ, ಕಾರ್ಯಕ್ರಮಕ್ಕೆ ಮೊದಲು ತೀರ್ಮಾನ ಮಾಡಿ. ದುಡ್ಡು ಕೈಗೆ ಬಂದ ಮೇಲೆ ಕೂತರೆ ಎಲ್ಲರಿಗೂ ತಮ್ಮ ಕೆಲಸವೇ ದೊಡ್ಡದಾಗಿ ಕಾಣುತ್ತದೆ.

ತಂಡದ ಎಲ್ಲರಿಗೂ ಲೆಕ್ಕದ ಪುಸ್ತಕ ನೋಡುವ ಹಕ್ಕು ಇರಬೇಕು, ಹೊಸದಾಗಿ ಸೇರಿದ ಕೋರಸ್ ಹುಡುಗಿಗೂ. "ಅವರ ಮೇಲೆ ನಂಬಿಕೆ ಇಲ್ವಾ?" ಅನ್ನುವ ಪ್ರಶ್ನೆ ಇಲ್ಲಿ ಏಳಲೇಬಾರದು. ಪೌಲನು ಬಡ ವಿಶ್ವಾಸಿಗಳಿಗೆ ಕೂಡಿಸಿದ ದೊಡ್ಡ ಮೊತ್ತವನ್ನು ಸಾಗಿಸುವಾಗ, ಯಾರೂ ತಪ್ಪು ಹುಡುಕದ ಹಾಗೆ ಸಭೆಗಳು ಆರಿಸಿದ ಸಹೋದರನನ್ನೂ ಜೊತೆಗೆ ಕಳುಹಿಸಿದ. 2 ಕೊರಿಂಥ 8ರಲ್ಲಿ ಕಾರಣವನ್ನೂ ಅವನೇ ಹೇಳುತ್ತಾನೆ: ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ. ಅಪೊಸ್ತಲನಿಗೇ ಸಾಕ್ಷಿ ಬೇಕಿತ್ತು ಅಂದಮೇಲೆ ನಮಗೂ ಬೇಕು.

ಖಾತೆ ಲೀಡರ್ ಹೆಸರಿನಲ್ಲೇ ಇದೆ. ಪರವಾಗಿಲ್ವಾ?

ಹಾಗೇ ಬಿಡಬಾರದು. ಬೇಗ ಬದಲಾಯಿಸಿ. ಲೀಡರ್ ಪ್ರಾಮಾಣಿಕರಾಗಿದ್ದರೆ ಇದು ಅವರಿಗೇ ಹೆಚ್ಚು ತೊಂದರೆ. ತೆರಿಗೆ ಇಲಾಖೆಯ ಕಣ್ಣಿಗೆ ಆ ಖಾತೆಗೆ ಬಂದದ್ದೆಲ್ಲ ಅವರ ಆದಾಯದ ಹಾಗೆ ಕಾಣುತ್ತದೆ. ನಾಳೆ ಅವರಿಗೆ ಏನಾದರೂ ಆದರೆ ಗುಂಪಿನ ದುಡ್ಡನ್ನು ಅವರ ಮನೆಯವರಿಂದ ಕೇಳಿ ಪಡೆಯುವ ಪರಿಸ್ಥಿತಿ ಬರುತ್ತದೆ. ಗುಂಪಿನ ಹೆಸರಿನಲ್ಲಿ ಖಾತೆ, ಇಬ್ಬರ ಸಹಿ, ಆ ಇಬ್ಬರು ಗಂಡ ಹೆಂಡತಿಯೋ ಅಣ್ಣ ತಮ್ಮನೋ ಆಗಿರಬಾರದು. ಇದಕ್ಕೆ ನೋಂದಣಿ ಬೇಕಾಗಬಹುದು. ನಿಮ್ಮಲ್ಲಿ ಯಾವ ರೂಪ ಹೊಂದುತ್ತದೆ ಅಂತ ಒಬ್ಬ ಅಕೌಂಟೆಂಟ್ ಹತ್ತಿರ ಕೇಳಿ, ಆ ಫೀಸು ದಂಡವಾಗುವುದಿಲ್ಲ.

ಮ್ಯಾನೇಜರ್ ಇಟ್ಟುಕೊಂಡರೆ ಸೇವೆ ಹೋಗಿ ಕಂಪನಿ ಆಗಿಬಿಡುತ್ತಾ?

ಆಗಲ್ಲ. ಅಮೆರಿಕದ ಗಾಸ್ಪೆಲ್ (ಸುವಾರ್ತೆ) ಸಂಗೀತದ ಪಿತಾಮಹ ಅಂತ ಕರೆಸಿಕೊಂಡ ಥಾಮಸ್ ಎ. ಡಾರ್ಸಿಯವರನ್ನೇ ನೋಡಿ. 1930ರ ದಶಕದ ಶಿಕಾಗೋದಲ್ಲಿ ಪಿಲ್ಗ್ರಿಮ್ ಬ್ಯಾಪ್ಟಿಸ್ಟ್ ಸಭೆಯ ಕ್ವಾಯರ್ ನಡೆಸುತ್ತಿದ್ದವರೂ ಅವರೇ, ತಮ್ಮ ಹಾಡುಗಳನ್ನು ಅಚ್ಚು ಹಾಕಿ ಮಾರುತ್ತಿದ್ದವರೂ ಅವರೇ. ಹಾಡು ಬರೆಯುವುದರಲ್ಲಿ ಅವರಿಗೆ ಸಮ ಇರಲಿಲ್ಲ, ಆದರೆ ವ್ಯಾಪಾರದ ಲೆಕ್ಕ ಅಸ್ತವ್ಯಸ್ತವಾಗಿತ್ತು. ಅದನ್ನು ಹದಕ್ಕೆ ತಂದವರು ಗಾಯಕಿ ಸ್ಯಾಲಿ ಮಾರ್ಟಿನ್. ಊರೂರಿಗೆ ಹೋಗಿ ಹಾಡಿದರು, ಹಾಡಿನ ಹಾಳೆಗಳನ್ನು ಮಾರಿದರು, ಕ್ವಾಯರ್‌ಗಳನ್ನು ಕಟ್ಟಿದರು. ಮುಂದೆ 1940ರಲ್ಲಿ ಕೆನೆತ್ ಮಾರಿಸ್ ಜೊತೆ ಸೇರಿ ತಮ್ಮದೇ ಪ್ರಕಾಶನ ಶುರು ಮಾಡಿದರು. ಅಷ್ಟು ಸಭೆಗಳಿಗೆ ಆ ಹಾಡುಗಳು ತಲುಪಿದ್ದರಲ್ಲಿ ಲೆಕ್ಕ ಗೊತ್ತಿದ್ದ ಈ ಹೆಣ್ಣುಮಗಳ ಪಾಲು ದೊಡ್ಡದು. ಅವರ ಕೆಲಸವನ್ನು ಸೇವೆ ಅನ್ನದೆ ಇನ್ನೇನು ಅನ್ನುವುದು?

ಹೀಗಾಗಿ ನಿಮ್ಮಲ್ಲಿ ಯಾರಿಗೆ ಲೆಕ್ಕ ಬರುತ್ತದೋ ಅವರಿಗೆ ಆ ಕೆಲಸ ಕೊಡಿ, ಚೆನ್ನಾಗಿ ಹಾಡುತ್ತಾರೆ ಅಂತ ಲೀಡ್ ಸಿಂಗರ್‌ಗೆ ಎಲ್ಲವನ್ನೂ ಹೊರಿಸಬೇಡಿ.

ಹಾಡು ಯಾರದು? ಬರೆದವರದಾ, ಗುಂಪಿನದಾ, ಸಭೆಯದಾ?

ಅತಿ ಹೆಚ್ಚು ಕಣ್ಣೀರು ಬಂದಿರುವುದು ಈ ಪ್ರಶ್ನೆಗೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಹಾಡಿನಲ್ಲಿ ಕಾನೂನಿನ ಪ್ರಕಾರ ಎರಡು ಬೇರೆ ಆಸ್ತಿಗಳಿವೆ. ಸಾಹಿತ್ಯ ಮತ್ತು ರಾಗ ಒಂದು, ಅದು ಸಾಮಾನ್ಯವಾಗಿ ಬರೆದವರದು ಮತ್ತು ರಾಗ ಹಾಕಿದವರದು. ರೆಕಾರ್ಡಿಂಗ್ ಇನ್ನೊಂದು, ಅದು ಸಾಮಾನ್ಯವಾಗಿ ಖರ್ಚು ಹಾಕಿ ಮಾಡಿಸಿದವರದು. ಹಾಗಾಗಿ ಹಾಡು ಒಬ್ಬ ಸಹೋದರಿ ಬರೆದು, ರೆಕಾರ್ಡಿಂಗ್‌ಗೆ ಸಭೆ ದುಡ್ಡು ಹಾಕಿ, ಗುಂಪು ಹಾಡಿದ್ದರೆ, ಮೂವರೂ ನಮ್ಮದು ಅನ್ನುತ್ತಾರೆ. ಮೂವರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಬರೆದವರು ಸಭೆಯ ಸಂಬಳದಲ್ಲಿದ್ದರೆ ಉತ್ತರ ಮತ್ತೆ ಬದಲಾಗಬಹುದು. ಸ್ಟುಡಿಯೋಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಯಾರು ಬರೆದರು, ಯಾರು ರಾಗ ಹಾಕಿದರು, ಯಾರ ದುಡ್ಡು, ಬರುವ ರಾಯಲ್ಟಿ ಯಾರಿಗೆ ಎಷ್ಟು, ಬರೆದವರು ಗುಂಪು ಬಿಟ್ಟರೆ ಗುಂಪು ಇನ್ನೂ ಹಾಡಬಹುದಾ. ಎಲ್ಲರೂ ಸಹಿ ಹಾಕಿ.

ಹಳೆಯ ಕೀರ್ತನೆ ಎಲ್ಲರದ್ದೂ ಅಂತ ಸುಮ್ನೆ ಅಂದುಕೊಳ್ಳಬೇಡಿ. ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದದ ಪ್ರಕಾರ ಬರೆದವರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಹಕ್ಕು ಇರುತ್ತದೆ, ಎಷ್ಟೋ ದೇಶಗಳಲ್ಲಿ ಇನ್ನೂ ಜಾಸ್ತಿ. ಮೂಲ ಹಾಡಿನ ಹಕ್ಕು ಮುಗಿದಿದ್ದರೂ ಅದರ ಅನುವಾದ ಇತ್ತೀಚಿನದಾದರೆ ಅನುವಾದಕರಿಗೆ ಹಕ್ಕಿದೆ. ಸಭೆಗೆ ಸಿಸಿಎಲ್‌ಐ (ಸಭೆಗಳಿಗೆ ಹಾಡು ಬಳಸಲು ಅನುಮತಿ ಕೊಡುವ ಸಂಸ್ಥೆ) ಲೈಸನ್ಸ್ ಇದೆಯಲ್ಲ ಅನ್ನುವವರೂ ಇದ್ದಾರೆ. ಅದರ ಮುಖ್ಯ ಉದ್ದೇಶ ಸಭೆಯವರು ಸೇರಿ ಹಾಡುವುದಕ್ಕೆ ಸಾಹಿತ್ಯವನ್ನು ಪರದೆ ಮೇಲೆ, ಹಾಳೆ ಮೇಲೆ ಹಾಕಿಕೊಳ್ಳುವುದು. ಅದನ್ನೇ ತೋರಿಸಿ ಬೇರೆಯವರ ಹಾಡನ್ನು ಆಲ್ಬಂ ಮಾಡಿ ಮಾರಲು ಬರುವುದಿಲ್ಲ, ಅದಕ್ಕೆ ಬೇರೆ ಅನುಮತಿ ಬೇಕು. ಕೇಳದೆ ಹಾಡಿ ಯೂಟ್ಯೂಬ್‌ಗೆ ಹಾಕಿ ಕ್ಲೈಮ್ ಬಂದಾಗ "ದೇವರ ಹಾಡಿಗೂ ಕಾಪಿರೈಟಾ" ಅಂತ ಸಿಟ್ಟಾಗುವುದು ನ್ಯಾಯವಲ್ಲ. ಆ ಹಾಡು ಬರೆದವರೂ ಒಬ್ಬ ಸೇವಕರೇ ಅಲ್ವಾ.

ಹಾಡಿನ ದುಡ್ಡು ತಮಗೆ ಬೇಡವೇ ಬೇಡ ಅನ್ನುವವರಿಗೂ ಒಳ್ಳೆಯ ದಾರಿ ಇದೆ. 19ನೇ ಶತಮಾನದಲ್ಲಿ ಅಮೆರಿಕದ ಸುವಾರ್ತಿಕ ಡಿ. ಎಲ್. ಮೂಡಿ ಮತ್ತು ಅವರ ಗಾಯಕ ಸಂಗಡಿಗ ಐರಾ ಸ್ಯಾಂಕಿ ತಮ್ಮ ಹಾಡಿನ ಪುಸ್ತಕಗಳ ರಾಯಲ್ಟಿಯನ್ನು ಜೇಬಿಗೆ ಹಾಕಿಕೊಳ್ಳದೆ ಟ್ರಸ್ಟಿಗಳ ಕೈಗೆ ಒಪ್ಪಿಸಿದರು, ಅದು ಶಾಲೆಗಳಂಥ ಕೆಲಸಗಳಿಗೆ ಹೋಯಿತು. ಬೇಡ ಅಂದಿದ್ದನ್ನೂ ಅವರು ಬರವಣಿಗೆಯಲ್ಲಿ, ವ್ಯವಸ್ಥೆಯಾಗಿ ಮಾಡಿದರು ಅನ್ನುವುದನ್ನು ಗಮನಿಸಿ.

ನಾವು ಬೇರೆ ಬೇರೆ ಸಭೆಗಳಿಂದ ಬಂದವರು. ನಮಗೆ ಯಾರ ಮೇಲ್ವಿಚಾರಣೆ? ಅದು ಬೇಕೇ ಬೇಕಾ?

ಬೇಕು. ಸಂಗೀತದವರಿಗೆ ಚಪ್ಪಾಳೆ ಬೇಗ ಸಿಗುತ್ತದೆ, ತಿದ್ದುವವರು ಸಿಗುವುದಿಲ್ಲ. ಪ್ರತಿ ವಾರ ಹೊಸ ಜನ, ಎಲ್ಲರೂ ಹೊಗಳುವವರೇ. ನಿಮ್ಮ ಮನೆ ಹೇಗಿದೆ, ಸಾಲ ಎಷ್ಟಿದೆ, ಯಾಕೆ ಎರಡು ತಿಂಗಳಿಂದ ಮಂಕಾಗಿದ್ದೀರಿ ಅಂತ ಕೇಳುವವರು ಒಬ್ಬರಾದರೂ ಬೇಕಲ್ಲ.

ಒಂದೇ ಸಭೆಯ ಗುಂಪಾದರೆ ಆ ಸಭೆಯ ಹಿರಿಯರು. ಹಲವು ಸಭೆಗಳವರಾದರೆ ಒಬ್ಬೊಬ್ಬ ಸದಸ್ಯರೂ ತಮ್ಮ ಸ್ವಂತ ಸಭೆಗೆ ಒಳಪಟ್ಟಿರಲಿ, ಗುಂಪಿಗೆ ಮೂರು ನಾಲ್ಕು ಜನರ ಸಲಹಾ ಸಮಿತಿ ಇರಲಿ. ಅದರಲ್ಲಿ ಕನಿಷ್ಠ ಇಬ್ಬರು ಪಾಸ್ಟರ್‌ಗಳು, ಒಬ್ಬರು ಲೆಕ್ಕ ಗೊತ್ತಿರುವವರು, ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ ಸಮಿತಿಯಲ್ಲೂ ಒಬ್ಬ ಹಿರಿಯ ಸಹೋದರಿ. ಗುಂಪಿನಿಂದ ಸಂಬಳವಾಗಲಿ ಪಾಲಾಗಲಿ ಪಡೆಯುವವರು ಅಲ್ಲಿ ಕೂರಬಾರದು. ವರ್ಷಕ್ಕೆರಡು ಸಲ ಸೇರಿ, ಲೆಕ್ಕ ಮುಂದಿಡಿ.

ಅಪೊಸ್ತಲರ ಕೃತ್ಯಗಳು 13ರಲ್ಲಿ ಅಂತಿಯೋಕ್ಯದ ಸಭೆ ಉಪವಾಸ ಪ್ರಾರ್ಥನೆ ಮಾಡಿ, ಕೈಗಳನ್ನಿಟ್ಟು ಬಾರ್ನಬ ಸೌಲರನ್ನು ಕಳುಹಿಸಿತು. 14ರ ಕೊನೆಯಲ್ಲಿ ಅವರು ಹಿಂತಿರುಗಿ ಬಂದು ಸಭೆಯನ್ನು ಕೂಡಿಸಿ ನಡೆದದ್ದನ್ನೆಲ್ಲ ಹೇಳಿದರು. ದಾರಿಯಲ್ಲಿ ಯಾವ ಊರಿಗೆ ಹೋಗಬೇಕು, ಏನು ಮಾತಾಡಬೇಕು ಅಂತ ಅಂತಿಯೋಕ್ಯದವರು ದಿನಾ ಹೇಳಿ ಕಳುಹಿಸಲಿಲ್ಲ. ಕಳುಹಿಸುವುದು, ಬಂದು ವರದಿ ಕೊಡುವುದು, ನಡುವೆ ಬಿಡುವು. ನನಗೆ ಇದಕ್ಕಿಂತ ಒಳ್ಳೆಯ ಮಾದರಿ ಗೊತ್ತಿಲ್ಲ.

ನಮ್ಮ ಪಾಸ್ಟರ್ ಎಲ್ಲದಕ್ಕೂ ಬೇಡ ಅನ್ನುತ್ತಾರೆ. ಬೇರೆ ಕಡೆ ಹಾಡಲು ಬಿಡುವುದಿಲ್ಲ. ಏನು ಮಾಡೋದು?

ಮೊದಲು ಕಾರಣ ಕೇಳಿ, ಗೌರವದಿಂದ, ಒಂಟಿಯಾಗಿ ಅಲ್ಲ ಇಬ್ಬರು ಮೂವರು ಹೋಗಿ. ಎಷ್ಟೋ ಸಲ ಪಾಸ್ಟರ್ ಕಷ್ಟ ಬಹಳ ಸರಳ. ಭಾನುವಾರ ಬೆಳಗ್ಗೆ ಕೀಬೋರ್ಡ್ ಹತ್ತಿರ ಯಾರೂ ಇರುವುದಿಲ್ಲ. ತಿಂಗಳಲ್ಲಿ ಇಷ್ಟು ಭಾನುವಾರ ಇಲ್ಲೇ ಇರುತ್ತೇವೆ, ನಾವಿಲ್ಲದ ದಿನಕ್ಕೆ ಇನ್ನಿಬ್ಬರನ್ನು ತಯಾರು ಮಾಡುತ್ತೇವೆ ಅಂತ ಮಾತು ಕೊಟ್ಟು ನಡೆಸಿ ತೋರಿಸಿದರೆ ಅರ್ಧ ಬೇಡಗಳು ಕರಗುತ್ತವೆ. ನಿಜ ಹೇಳಬೇಕೆಂದರೆ ಸ್ವಂತ ಸಭೆಯ ಆರಾಧನೆಗೆ ಸಿಗದೆ ಬೇರೆಲ್ಲ ಕಡೆ ಸಿಗುವ ಗುಂಪಿನ ಮೇಲೆ ಪಾಸ್ಟರ್‌ಗೆ ಬೇಸರ ಬಂದರೆ ಅದು ನ್ಯಾಯವೇ.

ಆದರೆ ಮೇಲ್ವಿಚಾರಣೆಗೂ ಒಂದು ಗಡಿ ಇದೆ. ಬೋಧನೆ, ನಡತೆ, ಲೆಕ್ಕದ ಪಾರದರ್ಶಕತೆ, ಇವುಗಳಲ್ಲಿ ಸಭೆಗೆ ಮಾತಿದೆ. ಹಾಡಿನ ಸಾಲು ದೇವರ ವಾಕ್ಯಕ್ಕೆ ವಿರುದ್ಧವಾಗಿದ್ದರೆ ತಿದ್ದಿ ಅನ್ನಬಹುದು. ಗಿಟಾರ್ ಯಾರು ನುಡಿಸಬೇಕು, ತಾಳ ಎಷ್ಟು ವೇಗ ಇರಬೇಕು ಅನ್ನುವುದನ್ನು ನುಡಿಸುವವರಿಗೇ ಬಿಡುವುದು ಒಳ್ಳೆಯದು. ಗುಂಪಿನ ಸಂಪಾದನೆಯನ್ನು ಲೆಕ್ಕವಿಲ್ಲದೆ ಪಾಸ್ಟರ್ ಕೈಗೆ ಕೊಡಿ ಅಂದರೆ, ಅಥವಾ ಪ್ರಶ್ನೆ ಕೇಳಿದವರನ್ನು "ಅಭಿಷಿಕ್ತರಿಗೆ ಎದುರು ನಿಂತವರು" ಅಂತ ಹೆದರಿಸಿದರೆ, ಅದು ಮೇಲ್ವಿಚಾರಣೆ ಅಲ್ಲ, ಹಿಡಿತ. ಆಗ ಸಭೆಯ ಇತರ ಹಿರಿಯರ ಹತ್ತಿರ, ಸಭೆಗಳ ಒಕ್ಕೂಟವಿದ್ದರೆ ಅಲ್ಲಿಗೆ ಹೋಗಿ. ಸರಿಹೋಗದಿದ್ದರೆ ಬಿಟ್ಟು ಹೋಗಬಹುದು, ಹೇಳಿ ಹೋಗಿ, ಹಿಂದೆ ಮಾತಾಡಬೇಡಿ.

ಪಾಸ್ಟರ್ ಮಗನೇ ನಮ್ಮ ಲೀಡರ್. ಯಾರು ಏನು ಕೇಳೋದು?

ಮಗ ಯೋಗ್ಯನಿದ್ದರೆ ಲೀಡರ್ ಆಗುವುದು ತಪ್ಪಲ್ಲ. ಆದರೆ ಅವನ ಮೇಲೆ ಬಂದ ದೂರನ್ನು ಅಪ್ಪನೇ ವಿಚಾರಿಸಬಾರದು, ಅವನ ಲೆಕ್ಕವನ್ನು ಅಮ್ಮನೇ ನೋಡಬಾರದು. ಈ ಎರಡನ್ನು ಹೊರಗಿನ ಹಿರಿಯರಿಗೆ ಒಪ್ಪಿಸಿ, ಅದು ಆ ಹುಡುಗನ ಹೆಸರನ್ನೂ ಕಾಯುತ್ತದೆ.

ಸಭೆಯ ಹೊರಗೆ ಹಾಡಬಹುದಾ? ಲೋಕದ ಹಾಡು? ವಿಶ್ವಾಸಿಯಲ್ಲದ ನುಡಿಸುವವರು?

ಗಾಸ್ಪೆಲ್ ಲೋಕದಲ್ಲಿ ಈ ಜಗಳ ಹಳೆಯದು. ಗಾಯಕಿ ಸಿಸ್ಟರ್ ರೊಸೆಟಾ ಥಾರ್ಪ್ 1938ರಲ್ಲಿ ನೈಟ್‌ಕ್ಲಬ್ ವೇದಿಕೆಯಲ್ಲಿ ಹಾಡಿದಾಗ ಸಭೆಯ ಎಷ್ಟೋ ಜನ ಮುಖ ತಿರುಗಿಸಿದರು. ಮಹಲಿಯಾ ಜಾಕ್ಸನ್ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಹಾಡಿದರೂ ಲೋಕದ ಹಾಡು ಹಾಡುವುದಿಲ್ಲ ಅಂತ ನಿಂತರು. ಸ್ಯಾಮ್ ಕುಕ್ 1957ರಲ್ಲಿ ಸೋಲ್ ಸ್ಟಿರರ್ಸ್ ಗುಂಪು ಬಿಟ್ಟು ಪಾಪ್ ಕಡೆ ಹೋದರು. ಮೂವರೂ ಮೂರು ದಾರಿ. ನನ್ನ ಅಭಿಪ್ರಾಯ, ವೇದಿಕೆ ಎಲ್ಲಿದೆ ಅನ್ನುವುದಕ್ಕಿಂತ ಅಲ್ಲಿ ನಿಮ್ಮ ಹಾಡನ್ನು ಹಾಡಲು ಬಿಡುತ್ತಾರಾ, ಯಾರ ಪ್ರಚಾರಕ್ಕೆ ನಿಮ್ಮ ಮುಖ ಬಳಸುತ್ತಾರೆ ಅನ್ನುವುದನ್ನು ನೋಡಿ. ರಾಜಕೀಯ ವೇದಿಕೆಯಾದರೆ ಎರಡು ಸಲ ಯೋಚಿಸಿ. ವಿಶ್ವಾಸಿಯಲ್ಲದ ನುಡಿಸುವವರನ್ನು ಕೆಲಸಕ್ಕೆ ಕರೆದರೆ ಸಂಬಳ ಸರಿಯಾಗಿ, ಸಮಯಕ್ಕೆ ಕೊಡಿ. ಅವರ ಕಣ್ಣಿಗೆ ಮೊದಲು ಬೀಳುವ ಸಾಕ್ಷಿ ಅದೇ.

ಸದಸ್ಯರೊಬ್ಬರು ಪಾಪದಲ್ಲಿ ಬಿದ್ದರೆ? ಕಾರ್ಯಕ್ರಮ ಒಪ್ಪಿಕೊಂಡು ಆಗಿದೆ.

ಕಾರ್ಯಕ್ರಮದ ಸಲುವಾಗಿ ಮುಚ್ಚಬೇಡಿ. ವೇದಿಕೆಯಿಂದ ಕೆಳಗಿಳಿಸಿ, ಆದರೆ ಜೊತೆ ಬಿಡಬೇಡಿ. ಎಷ್ಟು ಸಮಯ, ಯಾರ ಆರೈಕೆಯಲ್ಲಿ, ಮತ್ತೆ ಯಾವಾಗ ಹಾಡಬಹುದು ಅನ್ನುವುದನ್ನು ಅವರ ಸಭೆಯ ಹಿರಿಯರು ತೀರ್ಮಾನಿಸಲಿ, ಗುಂಪಿನವರಲ್ಲ. ನಿಮಗೆ ಅವರ ದನಿ ಬೇಕಾಗಿರುವುದರಿಂದ ನಿಮ್ಮ ತೀರ್ಪು ಬೇಗ ಮೆತ್ತಗಾಗುತ್ತದೆ.

ಇನ್ನೊಬ್ಬರಿಗೆ ಹಾನಿ ಮಾಡಿದ ವಿಷಯವಾದರೆ ಲೆಕ್ಕವೇ ಬೇರೆ. ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ಕೃತ್ಯ, ಇವು ಒಳಗೆ ಕೂತು ಕ್ಷಮಿಸಿ ಮುಗಿಸುವ ವಿಷಯಗಳಲ್ಲ. ಪೊಲೀಸರಿಗೆ ತಿಳಿಸಬೇಕು, ನೊಂದವರ ಪಕ್ಕ ನಿಲ್ಲಬೇಕು. ಗುಂಪಿನ ಹೆಸರು ಹೋಗುತ್ತದೆ ಅಂತ ಹೆದರಿ ಸುಮ್ಮನಿದ್ದರೆ ಮುಂದೆ ನೋವು ತಿನ್ನುವವರ ಭಾರವೂ ನಿಮ್ಮ ಮೇಲೆ ಬರುತ್ತದೆ.

ಪ್ರತಿ ವಾರಾಂತ್ಯ ಪ್ರಯಾಣ. ಮನೆಯವರಿಗೆ ಸಿಗುತ್ತಿಲ್ಲ, ದಣಿವೂ ಆಗಿದೆ. ಸೇವೆ ಅಂದಮೇಲೆ ಸಹಿಸಬೇಕಲ್ವಾ?

ಎಲ್ಲವನ್ನೂ ಅಲ್ಲ. ಅಮೆರಿಕದ ಫಿಸ್ಕ್ ಜೂಬಿಲಿ ಸಿಂಗರ್ಸ್ 1871ರಲ್ಲಿ ತಮ್ಮ ಕಷ್ಟದಲ್ಲಿದ್ದ ವಿದ್ಯಾಸಂಸ್ಥೆಗೆ ಹಣ ಕೂಡಿಸಲು ಹೊರಟ ಹುಡುಗ ಹುಡುಗಿಯರು. ಅವರು ಹಾಡಿ ತಂದ ದುಡ್ಡಿನಲ್ಲಿ ಜೂಬಿಲಿ ಹಾಲ್ ಎದ್ದು ನಿಂತಿತು, ಇವತ್ತಿಗೂ ಇದೆ. ಆದರೆ ಬಿಡುವಿಲ್ಲದ ಪ್ರಯಾಣದಲ್ಲಿ ಅವರ ಆರೋಗ್ಯ ಹಾಳಾಯಿತು, 1878ರಲ್ಲಿ ಆ ಗುಂಪು ಚದುರಿತು. ಕಾರಣ ಎಷ್ಟೇ ಒಳ್ಳೆಯದಿದ್ದರೂ ಗಂಟಲಿಗೆ, ಮೈಗೆ ಒಂದು ಮಿತಿ ಇದೆ. ಕ್ಯಾಲೆಂಡರ್‌ನಲ್ಲಿ ಮೊದಲು ಬಿಡುವಿನ ವಾರಗಳನ್ನು ಗುರುತು ಹಾಕಿ, ಆಮೇಲೆ ಕಾರ್ಯಕ್ರಮ ಒಪ್ಪಿಕೊಳ್ಳಿ. ಮನೆಯವರ ಮಾತನ್ನು ಸಲಹಾ ಸಮಿತಿಯವರು ನೇರವಾಗಿ ಕೇಳಲಿ, ನಿಮ್ಮ ಬಾಯಿಂದ ಅಲ್ಲ.

ಮ್ಯೂಸಿಕ್ ಲೇಬಲ್‌ನವರು ಒಪ್ಪಂದ ಕೊಡುತ್ತೇವೆ ಅನ್ನುತ್ತಿದ್ದಾರೆ. ಸಹಿ ಹಾಕೋದಾ?

ವಕೀಲರಿಗೆ ತೋರಿಸದೆ ಬೇಡ. ಅಡ್ವಾನ್ಸ್ ಅನ್ನುವುದು ಬಹುಮಾನ ಅಲ್ಲ, ನಿಮ್ಮ ರಾಯಲ್ಟಿಯಿಂದಲೇ ಅದನ್ನು ಮುರಿದುಕೊಳ್ಳುತ್ತಾರೆ. ರೆಕಾರ್ಡಿಂಗ್ ಹಕ್ಕು ಎಷ್ಟು ವರ್ಷ ಅವರ ಹತ್ತಿರ ಇರುತ್ತದೆ, ಹಾಡು ಬರೆದ ಹಕ್ಕನ್ನೂ ಕೇಳುತ್ತಿದ್ದಾರಾ, ಸ್ವಂತ ಸಭೆಯಲ್ಲಿ ಹಾಡಲೂ ಅವರ ಅನುಮತಿ ಬೇಕಾಗುತ್ತದಾ, ಇವನ್ನು ನೋಡಿ. ಒಪ್ಪಂದ ಕೊಡುವವರೂ ವಿಶ್ವಾಸಿಗಳೇ ಅನ್ನುವುದು ಓದದೆ ಸಹಿ ಹಾಕಲು ಕಾರಣವಲ್ಲ.

ಗುಂಪು ನಿಲ್ಲಿಸಲು ತೀರ್ಮಾನ ಮಾಡಿದ್ದೇವೆ. ಉಳಿದದ್ದನ್ನು ಏನು ಮಾಡೋದು?

ಸಾಲ, ಬಾಕಿ ಸಂಬಳ ಮೊದಲು ತೀರಿಸಿ. ವಾದ್ಯಗಳಲ್ಲಿ ಯಾವುದು ಸ್ವಂತದ್ದು, ಯಾವುದು ಗುಂಪಿನ ದುಡ್ಡಿನದು ಅಂತ ಪಟ್ಟಿ ಮಾಡಿ ವಾಪಸ್ ಕೊಡಿ. ಸೇವೆಗೆ ಅಂತ ಜನ ಕೊಟ್ಟ ಕಾಣಿಕೆ ಉಳಿದಿದ್ದರೆ ಅದನ್ನು ಹಂಚಿಕೊಳ್ಳದೆ ಅಂಥದೇ ಇನ್ನೊಂದು ಸೇವೆಗೆ ಕೊಟ್ಟು ರಸೀದಿ ಪಡೆಯಿರಿ. ಮುಂಗಡ ತಗೊಂಡ ಕಾರ್ಯಕ್ರಮಗಳಿದ್ದರೆ ಮುಗಿಸಿ, ಇಲ್ಲ ಹಣ ಹಿಂತಿರುಗಿಸಿ. ಗುಂಪಿನ ಹೆಸರನ್ನು ಮುಂದೆ ಯಾರೂ ಬಳಸಬಾರದಾ ಅಥವಾ ಒಬ್ಬರು ಬಳಸಬಹುದಾ ಅಂತ ಬರೆದಿಡಿ. ಯೂಟ್ಯೂಬ್ ಚಾನೆಲ್‌ನ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಈಗಲೇ ಕೇಳಿ. ಗುಂಪು ನಿಂತ ಮೇಲೂ ಹಳೆಯ ಹಾಡುಗಳಿಂದ ಸ್ವಲ್ಪ ಸ್ವಲ್ಪ ದುಡ್ಡು ಬರುತ್ತಲೇ ಇರುತ್ತದೆ, ಅದನ್ನು ಯಾರು ಪಡೆದು ಯಾರಿಗೆ ಹೇಗೆ ತಲುಪಿಸಬೇಕು ಅನ್ನುವುದು ಕೊನೆಯ ಮೀಟಿಂಗಿನ ಪುಸ್ತಕದಲ್ಲಿ ಎಲ್ಲರ ಸಹಿಯೊಂದಿಗೆ ಇರಬೇಕು.